ಹಗುರವಾದ ಗಾಳಿ ಫಿರಂಗಿ

ಬಾಗಿಲ ಮೇಲೆ ಸದ್ದಾಯಿತು. ಮೂರು ಬಡಿತ ನಿಧಾನವಾಗಿ. ತುಸು ತಡೆದು, ಚುರುಕಾಗಿ ಇನ್ನೊಂದು.

ವಾಷರಕ್ಕ ಹಾಸಿಗೆಯಲ್ಲಿ ಎದ್ದು ಕುಳಿತಳು. ಪಕ್ಕದಲ್ಲಿ ಗಂಡನ ಗೊರಕೆ, ಅವನು ಹಗಲೆಲ್ಲ ಓಡಿಸುವ ಬಸ್ಸಿನಂತೆಯೇ, ಮೊದಲನೇ ಗೇರಿನಲ್ಲಿ ಏರು ಹತ್ತುತ್ತಿತ್ತು.

“ರೀ, ಯಾರೋ ಬಾಗಿಲು ಬಡಿದ್ರು.”

“ತೆಗೀಬೇಡ.”

ಅವಳು ಹೋಗಿ ತೆಗೆದಳು. “ಯಾರೂ ಇಲ್ಲ.”

“ಹಾಗಾದ್ರೆ ಮುಚ್ಚು,” ಎಂದು ಗಂಡ ಮಗ್ಗುಲು ಬದಲಿಸಿ ಎರಡನೇ ಗೇರಿಗೆ ಬಂದ.

ಯಾರೂ ಇರಲಿಲ್ಲವೆಂಬುದು ನಿಜ. ಆದರೆ ಮೆಟ್ಟಿಲ ಮೇಲೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಅಂಗೈಯಗಲದ ಒಂದು ಪೊಟ್ಟಣವಿತ್ತು. ಬಿಚ್ಚುತ್ತಿದ್ದಂತೆ ಒಳಗಿದ್ದುದು ಅವಳ ಹೆಬ್ಬೆರಳನ್ನು ಕೊಯ್ದಿತು. ದೀಪ ಹಾಕಿ ನೋಡಿದಳು. ಪೈಪಿನ ಚೂರು. ಒಂದು ಮಗ್ಗುಲು ಬೆಳ್ಳಿ ಬಣ್ಣ, ಇನ್ನೊಂದು ಮಗ್ಗುಲು ಬಿಳಿ. ಅಂಚು ಗಾಜಿನಷ್ಟು ಹರಿತ.

ಬೆಳ್ಳಿ ಬಣ್ಣವನ್ನು ಅವಳು ಒಡನೆಯೇ ಗುರುತಿಸಿದಳು. ಬಿಳಿಯನ್ನು ಕಂಡದ್ದೇ ತಡ, ನಿದ್ದೆ ಹಾರಿಹೋಯಿತು.

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಯಾವ ನಲ್ಲಿ ಎಲ್ಲಿ ಸೋರಿದರೂ “ವಾಷರಕ್ಕನ್ನ ಕರೀರಿ” ಎನ್ನುತ್ತಿದ್ದರು. ಪೈಪಿನ ಅಂಗಡಿ ಅವಳ ಮಾವನದು. ಮಗ ಸ್ಟಿಯರಿಂಗ್ ಹಿಡಿದಾಗ, ಮಾವ ಸೊಸೆಯ ಕೈಗೆ ಪಾನಾ ಕೊಟ್ಟು ಕಸುಬು ಕಲಿಸಿದ್ದರು. ಆರಡಿ ಮೂರಂಗುಲದ ಆಳು. ಅವರಿದ್ದ ಕಡೆ ಏಣಿ ಬೇಕಿಲ್ಲವೆಂದು ಪೇಟೆಯವರು ಅವರಿಗೆ ‘ಏಣಿ ಯಜಮಾನರು’ ಎಂದೇ ಹೆಸರಿಟ್ಟಿದ್ದರು. ಈಗ ಎಪ್ಪತ್ತಾರು ದಾಟಿದರೂ ಅಂಗಡಿಯ ಮಹಡಿಯ ಮೇಲೆಯೇ ಅವರ ವಾಸ. ಗ್ರೀಸಿನ ವಾಸನೆಯಿಲ್ಲದೆ ಅವರಿಗೆ ನಿದ್ದೆ ಬಾರದು.

ಮೂರು ತಿಂಗಳ ಹಿಂದೆ ಮಕ್ಕಳ ನಾಟಕ ಮಂಡಳಿಯ ಮೇಷ್ಟ್ರು ಅದೇ ಅಂಗಡಿಗೆ ಬಿಳಿ ಪ್ಲಾಸ್ಟಿಕ್ ಪೈಪಿನ ಒಂದು ಯಂತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಬಂದಿದ್ದರು. ನಾಟಕದ ಕೊನೆಯಲ್ಲಿ ಇಬ್ಬರು ವಿದೂಷಕರು ಹೆಗಲ ಮೇಲಿನ ಗಾಳಿ ಫಿರಂಗಿಯಿಂದ ಪ್ರೇಕ್ಷಕರ ಮೇಲೆ ಕಾಗದದ ಹೂವಿನ ಮಳೆ ಸುರಿಸಬೇಕು. ಹಿಂಭಾಗದ ಸಿಲಿಂಡರಿನಲ್ಲಿ ಅದುಮಿಟ್ಟ ಗಾಳಿ, ಮುಂಭಾಗದ ನಳಿಗೆಯಲ್ಲಿ ಹೂವು. ನಡುವಿನ ವಾಲ್ವ್ ತೆರೆದರೆ ಹೂವು ಆಕಾಶಕ್ಕೆ. ಆ ಇಬ್ಬರು ವಿದೂಷಕರಲ್ಲಿ ಒಬ್ಬಳು ವಾಷರಕ್ಕನ ಮಗಳು.

“ಈ ಪೈಪ್ ಮೇಲೆ ಏನು ಬರೆದಿದೆ, ಓದಿ ಮೇಷ್ಟ್ರೇ,” ಎಂದಿದ್ದಳು ವಾಷರಕ್ಕ.

“ಒತ್ತಡ ಹತ್ತು ಕೆಜಿ. ನಮಗೆ ಬೇಕಾಗಿರೋದು ಆರೇ. ನಾಲ್ಕು ಉಳೀತಲ್ಲಾ!”

“ಅದು ನೀರಿನ ಲೆಕ್ಕ. ನೀರು ಸಾಧು ಪ್ರಾಣಿ. ಅದುಮಿದ್ರೆ ಕುಗ್ಗಲ್ಲ, ಬಿಟ್ರೆ ಹಿಗ್ಗಲ್ಲ. ಪೈಪ್ ಸೀಳಿದ್ರೆ ನೆಲ ಒದ್ದೆ ಆಗುತ್ತೆ, ಅಷ್ಟೇ. ಗಾಳಿ ಹಾಗಲ್ಲ, ಅದುಮಿದಷ್ಟೂ ಸೇಡು ಇಟ್ಕೊಳ್ಳುತ್ತೆ. ಉಕ್ಕು ಆದ್ರೆ ಉಬ್ಬಿ ಹರಿಯುತ್ತೆ, ತಾಮ್ರ ಆದ್ರೆ ಬಾಯಿ ಬಿಡುತ್ತೆ. ಈ ಪ್ಲಾಸ್ಟಿಕ್ ಮಾತ್ರ ನೂರು ಚೂರಿಯಾಗಿ ಹಾರುತ್ತೆ. ಮೈಯೊಳಗೆ ಹೊಕ್ಕ ಚೂರು ಎಕ್ಸ್‌ರೇಲೂ ಸರಿಯಾಗಿ ಕಾಣಲ್ಲ, ಡಾಕ್ಟ್ರು ಕೈಯಲ್ಲಿ ಹುಡುಕಬೇಕು.”

ಮೇಷ್ಟ್ರು ಯಂತ್ರವನ್ನು ಮೆಲ್ಲಗೆ ಕೆಳಗಿಟ್ಟಿದ್ದರು.

ಅವಳು ಹೊಸದೇ ಮಾಡಿಕೊಟ್ಟಳು. ಬಸ್ಸಿನ ಗಾಳಿ ಬ್ರೇಕಿಗೆಂದೇ ತಯಾರಾದ, ಪರೀಕ್ಷೆಯ ಫಲಕ ಹೊತ್ತ ಎರಡು ಉಕ್ಕಿನ ಸಿಲಿಂಡರುಗಳು, ಅಲ್ಯೂಮಿನಿಯಂ ನಳಿಗೆ, ಒತ್ತಡ ಏಳು ಮುಟ್ಟಿದರೆ ತಾನೇ ಬಾಯಿ ತೆರೆಯುವ ಸೇಫ್ಟಿ ವಾಲ್ವು, ಮೇಲೆ ಬೆಳ್ಳಿ ಬಣ್ಣ. ಒಂದೊಂದೂ ಎಂಟು ಕಿಲೋ. “ಇದು ಫಿರಂಗಿಯೋ ರುಬ್ಬುವ ಕಲ್ಲೋ?” ಎಂದು ಮೇಷ್ಟ್ರು ಗೊಣಗಿದ್ದರು. “ಹೆಗಲು ಬಿದ್ದೇ ಹೋಗುತ್ತಮ್ಮಾ,” ಎಂದು ಮಗಳು ಊಟದ ಹೊತ್ತಿನಲ್ಲಿ ತಾತ, ಅಪ್ಪ ಎಲ್ಲರೆದುರು ಅತ್ತಿದ್ದಳು. ವಾಷರಕ್ಕ ಜಗ್ಗಿರಲಿಲ್ಲ. “ಹೆಗಲು ನೋಯಲಿ, ಮುಖ ಉಳೀಲಿ.”

ಆ ಉಕ್ಕು ಈಗ ಬಿಳಿ ಪ್ಲಾಸ್ಟಿಕ್ಕಾಗಿ ಅವಳ ಅಂಗೈಯಲ್ಲಿತ್ತು.

ಇದ್ದದ್ದು ಎರಡು ಫಿರಂಗಿ. ಒಂದು ಎಲ್ಲೋ ಸಿಡಿದಿದೆ. ಇನ್ನೊಂದು? ಮರುದಿನ ಸಂಜೆ ಆರಕ್ಕೆ ನಾಟಕ. ಮುಂದಿನ ಸಾಲುಗಳ ತುಂಬ ಮಕ್ಕಳು. ಸಿಲಿಂಡರಿಗೂ ಮಗಳ ಕಿವಿಗೂ ನಡುವೆ ಒಂದು ಗೇಣಿನ ಅಂತರ.

ಮೇಷ್ಟ್ರ ಫೋನು ಸತ್ತಿತ್ತು. ಒಳಕೋಣೆಯಲ್ಲಿ ಮಗಳು ಗಾಢ ನಿದ್ದೆಯಲ್ಲಿದ್ದಳು. ವಾಷರಕ್ಕ ಅವಳ ಬಾಗಿಲ ಬಳಿ ಕುರ್ಚಿ ಎಳೆದುಕೊಂಡು, ಚೂರನ್ನು ಮಡಿಲಲ್ಲಿಟ್ಟುಕೊಂಡು, ಬೆಳಕು ಹರಿಯುವವರೆಗೆ ಕುಳಿತಳು.

“ಫಿರಂಗಿ ಮುಟ್ಟಬೇಡ,” ಎಂಬುದೇ ಮಗಳಿಗೆ ಅಂದಿನ ಸುಪ್ರಭಾತವಾಯಿತು.

ಮಗಳು ಕಣ್ಣುಜ್ಜಿಕೊಂಡು ಚೂರನ್ನು ನೋಡಿದಳು. “ಅಂದ್ರೆ ಬದಲಾಯ್ಸಿದ್ದು ನೀನಲ್ವಾ? ಎಂಟು ದಿನದಿಂದ ಹೂವಿನಷ್ಟು ಹಗುರ ಆಗಿದೆ. ಕೊನೆಗೂ ಅಮ್ಮನ ಮನಸ್ಸು ಕರಗ್ತು ಅಂದ್ಕೊಂಡೆ.”

“ಒಂದು ಮಾತು ಹೇಳಬಾರದಿತ್ತಾ?”

“ಥ್ಯಾಂಕ್ಸ್ ಹೇಳಿದ್ರೆ ನಿಂಗೆ ಕೊಬ್ಬು ಬರುತ್ತೆ ಅಂತ ಸುಮ್ನಿದ್ದೆ.”

“ಎಂಟು ದಿನ ಹೊಡೆದಿದೀಯಾ? ಎಷ್ಟು ಗಾಳಿಗೆ?”

“ಅಭ್ಯಾಸಕ್ಕೆ ಮೂರು ಕೆಜಿ. ಇವತ್ತೇ ಆರು.”

ವಾಷರಕ್ಕ ಮಗಳ ಕೈಹಿಡಿದು ಹೊರಟಳು. ದಾರಿಯಲ್ಲಿ ಅಂಗಡಿ. ಮುಖ ಮುಚ್ಚುವ ಶೀಲ್ಡು, ಚರ್ಮದ ಏಪ್ರನ್ನು, ಪಾನಾ ಎಲ್ಲವನ್ನೂ ಚೀಲಕ್ಕೆ ತುಂಬಿದಳು. ಮಾವ ಆಗಲೇ ಎದ್ದು, ಶಾಲು ಹೊದ್ದು, ಬಲಗೈಯಲ್ಲಿ ಚಹಾದ ಲೋಟ ಹಿಡಿದು ಕೆಲಸದ ಮೇಜಿನ ಮುಂದೆ ಕುಳಿತಿದ್ದರು. ಅವಳು ಚೂರನ್ನು ಅವರೆದುರು ಇಟ್ಟಳು.

“ಯಾರೋ ನನ್ನ ಉಕ್ಕು ತೆಗೆದು ಇದನ್ನ ಹಾಕಿದಾರೆ ಮಾವ.”

ಯಜಮಾನರು ಚೂರನ್ನು ಮುಟ್ಟಲಿಲ್ಲ. ಬಹಳ ಹೊತ್ತು ನೋಡಿದರು. “ನೀರಲ್ಲಿ ಇದು ಹೀಗೆ ಒಡೆಯಲ್ಲ,” ಎಂದರು.

“ನಾನೂ ಅದನ್ನೇ ಬಡ್ಕೊಳ್ತಾ ಇದ್ದೆ.”

“ಹೊರಡಮ್ಮಾ. ಮಾತಾಡ್ತಾ ನಿಲ್ಲಬೇಡ.”

ಅಂಗಡಿಯ ಗೋಡೆಯ ಮೇಲೆ ಅವರದೇ ಕೈಬರಹದ ಹಲಗೆಯೊಂದಿತ್ತು: ‘ನೀರು ಒಪ್ಪಿದರೆ ಊರು ಒಪ್ಪಿದಂತೆ’. ನಲವತ್ತೈದು ವರ್ಷದಿಂದ ಆ ಅಂಗಡಿಯ ಶಾಸನ ಅದು. ಯಾವ ಕೆಲಸವಾದರೂ ನೀರು ತುಂಬಿ, ಕೈಪಂಪಿನಿಂದ ಒಂದೂವರೆ ಪಟ್ಟು ಒತ್ತಿ, ಒಂದು ಗಂಟೆ ಕಾಯಬೇಕು. ಹನಿ ಜಿನುಗದಿದ್ದರೆ, ಕಾದವರು ಮೊಳೆಯಿಂದ ಮುಚ್ಚಳದ ಮೇಲೆ ತಮ್ಮ ಗುರುತು ಗೀರಬೇಕು. ಬಣ್ಣ ಬಳಿಯುವುದು ಆಮೇಲೆ. ಮುಂದೆಂದಾದರೂ ಹೆಚ್ಚುಕಡಿಮೆಯಾದರೆ ಬಣ್ಣ ಕೆರೆದು ಹೊಣೆಗಾರನನ್ನು ಹುಡುಕಬಹುದು. ವಾಷರಕ್ಕನ ಗುರುತು ಒಂದು ಉಂಗುರ. ಮಾವನದು ಪುಟ್ಟ ಏಣಿ. ಅಲ್ಲಿ ಎರಡು ವರ್ಷ ದುಡಿದು, ಈಗ ನಾಟಕ ಮಂಡಳಿಯಲ್ಲಿ ರಂಗದ ಬಡಗಿಯಾಗಿರುವ ‘ಮೊಳೆ’ಯದು ಒಂಟಿ ಗೆರೆ. ಆಳು ಸಣಕಲನಾದ್ದರಿಂದ ಹೆಸರೂ ಹಾಗೆ, ಗುರುತೂ ಹಾಗೆ.

ಅವಳು ಚೂರಿನ ಬಣ್ಣವನ್ನು ಕೆರೆದು ನೋಡಿದಳು. ಅದು ಪೈಪಿನ ನಡುಭಾಗ. ಗುರುತಿನ ಸುಳಿವಿರಲಿಲ್ಲ.

ರಂಗಮಂದಿರದ ಹಿಂದಿನ ಉಪಕರಣ ಕೋಣೆಯಲ್ಲಿ ಮೇಷ್ಟ್ರು ಕಿರೀಟಗಳಿಗೆ ಅಂಟು ಹಚ್ಚುತ್ತ ಕುಳಿತಿದ್ದರು. ಮೊಳೆ ಕತ್ತಿಗಳ ಹಿಡಿ ಬಿಗಿಯುತ್ತಿದ್ದ. ಫಿರಂಗಿ ಕಿಟಕಿಯ ಕೆಳಗಿನ ಮೇಜಿನ ಮೇಲಿತ್ತು. ಕಿಟಕಿಯಿಂದ ಬಿಸಿಲು ನೇರವಾಗಿ ಅದರ ಮೇಲೆ ಬಿದ್ದಿತ್ತು.

“ಬನ್ನಿ ಬನ್ನಿ! ಇವತ್ತಿಗೆ ಎಲ್ಲಾ ಸಿದ್ಧ. ಆರು ಕೆಜಿ ತುಂಬಿಸಿಟ್ಟಿದೀನಿ,” ಎಂದು ಮೇಷ್ಟ್ರು ಎದ್ದು, ಸಿಲಿಂಡರನ್ನು ಮಗುವಿನ ಬೆನ್ನು ತಟ್ಟುವಂತೆ ತಟ್ಟಿದರು. ಬಂದ ಸದ್ದು ಠಣ್ ಎನ್ನಲಿಲ್ಲ. ಡಬ್ ಎಂದಿತು.

“ಕೈ ತೆಗೀರಿ.”

“ಏನು?”

“ಕೈ ತೆಗೆದು, ಹಿಂದೆ ಹಿಂದೆ ನಡೆದು, ಬಾಗಿಲ ಹೊರಗೆ ಹೋಗಿ. ಮಗಳೇ, ನೀನೂ. ಮೊಳೆ, ಎದ್ದೇಳು.”

ಅವಳ ದನಿ ಏರಿರಲಿಲ್ಲ. ಆದ್ದರಿಂದಲೇ ಮೂವರೂ ಹೊರಗೆ ಹೋದರು. ಪಡಸಾಲೆಯ ದಪ್ಪ ಗೋಡೆಯ ಮರೆಯಲ್ಲಿ ನಿಲ್ಲಿಸಿ, ಅವಳು ಚೂರನ್ನು ಮೇಷ್ಟ್ರ ಮೂಗಿನ ಮುಂದೆ ಹಿಡಿದಳು.

“ಇದು ಇನ್ನೊಂದು ಫಿರಂಗೀದು. ಒಳಗಿರೋದೂ ಇದೇ ಜಾತಿ. ಬದಲಾಯ್ಸಿದ್ದು ಯಾರು?”

ಮೇಷ್ಟ್ರ ಮುಖದ ಬಣ್ಣ ಇಳಿಯಿತು. “ನನ್ನನ್ಯಾಕೆ ನೋಡ್ತೀರಿ? ನಾನು ಮಾಡಿದ್ದಿದ್ರೆ ವಾಷರಕ್ಕನ್ನ ಸೋಲಿಸಿದೆ ಅಂತ ಊರೆಲ್ಲ ಡಂಗೂರ ಹೊಡೀತಿದ್ದೆ. ಹಗುರ ಆಗಿತ್ತು, ನಿಜ. ನೀವೇ ಮಾಡಿದ್ದು ಅಂದ್ಕೊಂಡೆ.”

“ಮೊಳೆ?”

“ನನ್ನಾಣೆ ಅಕ್ಕಾ! ಬಣ್ಣ ಕಿತ್ತಿತ್ತು, ಮತ್ತೆ ಹೊಡೀಬೇಕು ಅಂತ ಎರಡನ್ನೂ ತಂದು ನಿಮ್ಮ ಅಂಗಡಿ ಹಿಂದಿನ ಚಾವಣಿ ಕೆಳಗಿಟ್ಟು ಹೋದೆ. ನೀವು ಆಸ್ಪತ್ರೆ ಕಟ್ಟಡದ ಕೆಲಸಕ್ಕೆ ನಾಲ್ಕು ದಿನ ಹೋಗಿದ್ರಲ್ಲ, ಆವಾಗ. ಮಾರನೇ ದಿನ ಬಂದ್ರೆ ಯಾರೋ ಬಣ್ಣ ಹೊಡೆದು ಒಣಗಿಸಿಟ್ಟಿದ್ರು. ನಾನೂ ನೀವೇ ಅಂದ್ಕೊಂಡೆ.”

“ಎಲ್ಲಾರೂ ನಾನೇ ಅಂದ್ಕೊಂಡ್ರೆ, ನಾನು ಯಾರು ಅಂದ್ಕೊಳ್ಳಲಿ? ಎತ್ತಿದಾಗ ಗೊತ್ತಾಗ್ಲಿಲ್ವಾ ನಿಂಗೆ? ಎರಡು ವರ್ಷ ಅಲ್ಲಿ ಏನು ಕಲಿತೆ?”

“ಕೈಗಾಡಿಯಲ್ಲಿ ತಳ್ಕೊಂಡು ಬಂದೆ ಅಕ್ಕಾ,” ಎಂದು ಮೊಳೆ ನೆಲ ನೋಡಿದ. “ಎರಡನೇದು ನಿನ್ನೆ ಸಂಜೇವರೆಗೂ ಇಲ್ಲೇ ಇತ್ತು. ಬೀಗ ಹಾಕೋ ಹೊತ್ತಿಗೆ ಕಾಣಲಿಲ್ಲ.”

ವಿಚಾರಣೆಗೆ ಆಮೇಲೆ ಹೊತ್ತಿತ್ತು. ಬಿಸಿಲಿಗೆ ಇರಲಿಲ್ಲ. ಬಿಸಿಲು ಏರಿದಂತೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಒಳಗಿನ ಗಾಳಿ ಬಿರುಸಾಗುತ್ತದೆ. ಮೇಲಾಗಿ ಬೆಳ್ಳಿ ಬಣ್ಣಕ್ಕೆ ಬೆರೆಸಿದ ತಿನ್ನರ್ ಅದರ ಚರ್ಮವನ್ನು ಆಗಲೇ ತಿಂದಿರುತ್ತದೆ. ಯಾವುದು ಮೊದಲು ಸೋಲುತ್ತದೆಂದು ಹೇಳುವ ಗೇಜು ಜಗತ್ತಿನಲ್ಲಿಲ್ಲ.

“ಕುಸ್ತಿ ದೃಶ್ಯದ ದಪ್ಪ ಹಾಸಿಗೆಗಳೆಲ್ಲಿ? ನಾಲ್ಕೂ ಬೇಕು. ಪರದೆ ಎಳೆಯೋ ಹಗ್ಗ ಬೇಕು, ಉದ್ದಂದು.”

“ವಾಲ್ವ್ ತೆಗೆದು ಹೂವು ಹಾರಿಸಿಬಿಟ್ರೆ ಗಾಳಿ ಹೋಗುತ್ತಲ್ಲ?” ಎಂದರು ಮೇಷ್ಟ್ರು.

“ಒಮ್ಮೆಲೇ ಜರ್ಕ್ ಕೊಟ್ರೆ ಅದು ಸಿಡಿದೇ ಹೋಗುತ್ತೆ. ನಿಧಾನವಾಗಿ ಬಿಡಬೇಕು. ಸೇಫ್ಟಿ ವಾಲ್ವಿಗೆ ಒಂದು ಉಂಗುರ ಇದೆ. ಅದಕ್ಕೆ ಹಗ್ಗ ಕಟ್ಟಿ ಗೋಡೆ ಹಿಂದಿನಿಂದ ಎಳೀಬೇಕು.”

“ಹಗ್ಗ ಕಟ್ಟೋರು ಯಾರಮ್ಮಾ?” ಎಂದಳು ಮಗಳು. ಆಮೇಲೆ ತಾಯಿಯ ಮುಖ ನೋಡಿ, “ಬೇಡ. ಬಾಗಿಲು ಹಾಕಿ ಎಲ್ಲರೂ ಹೋಗಿಬಿಡೋಣ.”

“ಸಂಜೆ ಮಕ್ಕಳು ಬರ್ತಾರೆ. ಗೋಡೆ ಆಚೆ ಶಾಲೆ ಇದೆ. ನಾನು ಕಟ್ಟಿದ ಫಿರಂಗಿ ಅದು. ನನ್ನ ಉಂಗುರದ ಗುರುತಿನ ಹೆಸರಲ್ಲಿ ನಡೀತಿರೋದು.”

ಅವಳು ಶೀಲ್ಡು ತೊಟ್ಟಳು, ಏಪ್ರನ್ ಬಿಗಿದಳು, ಹಗ್ಗದ ತುದಿಯನ್ನು ಮುಂಗೈಗೆ ಸುತ್ತಿಕೊಂಡಳು. ಮೊಳೆಗೆ ಹೇಳಿದಳು: “ನಾನು ಹೊರಗೆ ಬಂದ ಮೇಲೇ ಎಳೀಬೇಕು. ಅಲ್ಲೀವರೆಗೆ ಹಗ್ಗ ಸಡಿಲ ಇರ್ಲಿ.”

ಕೋಣೆ ಹನ್ನೆರಡು ಹೆಜ್ಜೆ. ಒಂದೊಂದು ಹಾಸಿಗೆಯನ್ನೂ ಮುಂದೊಡ್ಡಿಕೊಂಡು, ಅದರ ಮರೆಯಲ್ಲಿಯೇ ನಡೆದು, ಫಿರಂಗಿಯ ಇಕ್ಕೆಲಕ್ಕೆ ಒಂದೊಂದು, ಕಿಟಕಿಗೆ ಅಡ್ಡವಾಗಿ ಒಂದು ನಿಲ್ಲಿಸಿದಳು. ನಾಲ್ಕನೆಯದನ್ನು ಮೇಲೆ ಹೊದಿಸುವ ಮುನ್ನ ಹಗ್ಗ ಕಟ್ಟಬೇಕು. ಗೇಜಿನ ಮುಳ್ಳು ಆರನ್ನು ದಾಟಿ ಕೂದಲೆಳೆಯಷ್ಟು ಮುಂದಿತ್ತು. ಹತ್ತಿರದಿಂದ ನೋಡಿದರೆ ಬೆಳ್ಳಿ ಬಣ್ಣದ ಮೇಲೆ ಜೇಡನ ಬಲೆಯಂಥ ಗೀರುಗಳು.

ಉಂಗುರಕ್ಕೆ ಹಗ್ಗ ತೂರಿಸಿ ಮೊದಲ ಗಂಟು ಹಾಕಿದಳು. ಅಷ್ಟರಲ್ಲಿ ಹಗ್ಗ ಬಿಗಿಯತೊಡಗಿತು.

ಹೊರಗೆ ಮೊಳೆ ಅವಸರಪಟ್ಟಿದ್ದ. ಫಿರಂಗಿ ಮೇಜಿನ ಮೇಲೆ ಅರ್ಧ ಅಂಗುಲ ಸರಿಯಿತು. ಕೂಗಿದರೆ ಶೀಲ್ಡಿನೊಳಗಿನ ಕೂಗು ಗೋಡೆಯಾಚೆ ಹೋಗದು. ಅವಳ ಬಲಗೈ ತಾನಾಗಿಯೇ ಸೊಂಟದ ಪಾನಾ ಸೆಳೆದು, ಗೋಡೆಯುದ್ದಕ್ಕೂ ಹಾದುಹೋಗಿದ್ದ ನೀರಿನ ಪೈಪಿನ ಮೇಲೆ ಬಡಿಯಿತು. ಮೂರು ಬಡಿತ ನಿಧಾನವಾಗಿ. ತುಸು ತಡೆದು, ಚುರುಕಾಗಿ ಇನ್ನೊಂದು.

ಹಗ್ಗ ಸಡಿಲವಾಯಿತು.

ಅವಳ ಕೈ ಗಾಳಿಯಲ್ಲಿಯೇ ನಿಂತಿತು. ಉದ್ದನೆಯ ಪೈಪಿನ ಎರಡು ತುದಿಯಲ್ಲಿ ಎರಡು ಆಳು, ನಡುವೆ ಗೋಡೆ. ಆಗ ಅವರ ಅಂಗಡಿಯವರು ಪೈಪು ಬಡಿದು ಆಡುತ್ತಿದ್ದ ಮಾತು ಅದು. ಮೂರು ಮತ್ತು ಒಂದು ಎಂದರೆ ‘ನಿಲ್ಲಿಸು’. ನಿನ್ನೆ ರಾತ್ರಿ ಅವಳ ಬಾಗಿಲ ಮೇಲೆ ಬಿದ್ದದ್ದು ಬರೀ ಸದ್ದಲ್ಲ. ನಿಲ್ಲಿಸು, ಎಂದು ಯಾರೋ ಕೇಳಿಕೊಂಡಿದ್ದರು. ಆ ಭಾಷೆ ಊರಿನಲ್ಲಿ ಬಲ್ಲವರು ಮೂವರೇ. ಒಬ್ಬಳು ತಾನು. ಒಬ್ಬ ಹೊರಗೆ ಹಗ್ಗ ಹಿಡಿದು ನಿಂತಿದ್ದಾನೆ.

ಯೋಚನೆಯನ್ನು ಹಲ್ಲಿನಡಿ ಕಚ್ಚಿ ಹಿಡಿದು, ಎರಡನೇ ಗಂಟು ಹಾಕಿದಳು. ನಾಲ್ಕನೇ ಹಾಸಿಗೆಯನ್ನು ಹೊದಿಸಿದಳು. ಹಿಂದೆ ಹಿಂದೆ ನಡೆದು ಹೊರಬಂದಳು.

ಪಡಸಾಲೆಯಲ್ಲಿ ಮಾವ ನಿಂತಿದ್ದರು. ಏದುಸಿರು ಬಿಡುತ್ತಿದ್ದರು, ಅಂಗಡಿಯಿಂದ ನಡೆದೇ ಬಂದಿದ್ದರು. ಸೆಖೆಯಲ್ಲೂ ಶಾಲು ಬಿಗಿಯಾಗಿ ಹೊದ್ದಿದ್ದರು.

“ಗೇಜ್ ಎಷ್ಟು ತೋರಿಸ್ತಿದೆ?”

“ಆರರ ಮೇಲಿದೆ ಮಾವ.”

ಮುದುಕರು ಕಣ್ಣು ಮುಚ್ಚಿಕೊಂಡರು. “ಮಗು ಎಲ್ಲಿ?”

“ಇಲ್ಲೇ ಇದೀನಿ ತಾತಾ.”

ಅವರು ಮೊಮ್ಮಗಳನ್ನು ಬಲಗೈಯಿಂದ ಎಳೆದು ತಮ್ಮ ಬೆನ್ನ ಹಿಂದೆ ನಿಲ್ಲಿಸಿಕೊಂಡರು.

ವಾಷರಕ್ಕ ಹಗ್ಗವನ್ನು ಮೊಳೆಯ ಕೈಯಿಂದ ತಾನೇ ತೆಗೆದುಕೊಂಡು ಎಳೆದಳು. ಒಳಗೆ ಹಾವು ಬುಸುಗುಟ್ಟಿದಂತೆ ಗಾಳಿ ಹೊರಟಿತು. ಮೇಷ್ಟ್ರು ನಗುಮುಖ ಮಾಡಿದರು. ಅವಳು ಬೆರಳೆತ್ತಿ ಸುಮ್ಮನಿರಿಸಿದಳು. ಗೇಜಿನ ಮುಳ್ಳು ಐದಕ್ಕಿಳಿದಿರಬೇಕು, ನಾಲ್ಕಕ್ಕೆ ಇಳಿದಿರಬೇಕು...

ಢಂ!

ಗೋಡೆಯ ಸುಣ್ಣ ಅವರ ತಲೆಯ ಮೇಲೆ ಉದುರಿತು. ಬಾಗಿಲಿನಿಂದ ಹತ್ತಿಯ ಮೋಡವೊಂದು ತೇಲುತ್ತ ಹೊರಬಂದಿತು. ಅದರ ಹಿಂದೆ ಕೆಂಪು, ಹಳದಿ, ನೀಲಿ ಕಾಗದದ ಹೂವುಗಳು.

ಮೊಳೆ ತಲೆಯ ಮೇಲಿನ ಸುಣ್ಣ ಕೊಡವಿಕೊಂಡು, “ಹೂವಂತೂ ಚೆನ್ನಾಗಿ ಹಾರ್ತು ಮೇಷ್ಟ್ರೇ,” ಎಂದ. ಮೇಷ್ಟ್ರು ನೆಲದ ಮೇಲೆಯೇ ಕುಳಿತುಬಿಟ್ಟರು.

ಒಳಗೆ ಹಾಸಿಗೆಗಳ ಹೊಟ್ಟೆ ಬಗೆದುಹೋಗಿತ್ತು. ಒಂದು ಬಿಳಿ ಚೂರು ಹಾಸಿಗೆಯನ್ನೂ ದಾಟಿ, ಎದುರಿನ ಮರದ ಕಂಬಕ್ಕೆ ಬೆರಳುದ್ದ ನಾಟಿತ್ತು. ಮಗಳು ಅದರ ಪಕ್ಕದಲ್ಲಿ ನಿಂತು ನೋಡಿದಳು. ಅದು ಸರಿಯಾಗಿ ಅವಳ ಕಿವಿಯ ಎತ್ತರದಲ್ಲಿತ್ತು.

“ಹೆಗಲು ನೋಯಲಿ ಬಿಡಮ್ಮಾ,” ಎಂದಳು ಸಣ್ಣ ದನಿಯಲ್ಲಿ.

“ಇವತ್ತು ಹೆಗಲಿಗೂ ರಜ. ಹೂವನ್ನ ಬುಟ್ಟಿಗೆ ತುಂಬಿ, ಮೇಲಿನ ಮೊಗಸಾಲೆಯಿಂದ ಕೈಯಲ್ಲೇ ಸುರೀರಿ. ಮೇಷ್ಟ್ರೇ, ಕೇಳಿಸ್ತಾ?”

“ಕೇಳಿಸ್ತು. ಒಂದು ಕಿವೀಲಿ ಮಾತ್ರ,” ಎಂದರು ಮೇಷ್ಟ್ರು ನೆಲದಿಂದಲೇ. “ಆದ್ರೆ ಆ ಉಕ್ಕಿನ ಸಿಲಿಂಡರ್ ಎಲ್ಲಿಗೆ ಹೋಯ್ತು? ಯಾರಿಗೆ ಈ ಮಕ್ಕಳ ಮೇಲೆ ಇಷ್ಟು ದ್ವೇಷ?”

“ದ್ವೇಷ ಇದ್ದೋರು ಇನ್ನೊಂದನ್ನ ಒಯ್ದು ತಾವೇ ಗಾಳಿ ತುಂಬಿ ನೋಡ್ತಾರಾ? ಅದು ಸಿಡಿದ ಮೇಲೆ ರಾತ್ರಿ ಬಂದು ಎಚ್ಚರಿಸ್ತಾರಾ?” ಎಂದಳು ವಾಷರಕ್ಕ.

ಅವಳು ಮಂಡಿಯೂರಿ ಚೂರುಗಳ ನಡುವೆ ಹುಡುಕತೊಡಗಿದಳು. ಹಾಸಿಗೆಯ ಹರಿದ ಮಡಿಕೆಯಲ್ಲಿ ಅದು ಸಿಕ್ಕಿತು: ಪೈಪಿನ ತುದಿಯ ದುಂಡನೆಯ ಮುಚ್ಚಳ. ಅದು ಮಾತ್ರ ಒಡೆದಿರಲಿಲ್ಲ. ಅಂಟು ಸೊಗಸಾಗಿ ಹಿಡಿದಿತ್ತು, ಒಂದಿಷ್ಟೂ ಹೊರಚೆಲ್ಲಿರಲಿಲ್ಲ. ಕಸುಬು ಬಲ್ಲ ಕೈ. ಮಗುವಿನ ಹೆಗಲು ಹಗುರಾಗಲೆಂದು ಪ್ರೀತಿಯಿಂದ ಮಾಡಿದ ಕೆಲಸ. ನೀರು ಖಂಡಿತ ಒಪ್ಪಿರುತ್ತದೆ, ಒಂದು ಗಂಟೆ ಪೂರ್ತಿ, ಒಂದು ಹನಿಯೂ ಜಿನುಗದೆ. ನೀರು ಒಪ್ಪಿದ ಮೇಲೆ ಆ ಅಂಗಡಿಯವರು ಗುರುತು ಗೀರದೆ ಬಿಡುವವರಲ್ಲ.

“ನಂದಲ್ಲ ಅಕ್ಕಾ,” ಎಂದ ಮೊಳೆ, ಕೇಳುವ ಮೊದಲೇ. ಅವನ ಹಣೆಯಲ್ಲಿ ಬೆವರು. “ಕೆರೆದು ನೋಡಿ. ಗೆರೆ ಒಂದೇ ಇದ್ರೆ ನನ್ನ ಕೈ ಕಡೀರಿ.”

ವಾಷರಕ್ಕ ಸೆರಗಿನಿಂದ ನಾಣ್ಯ ತೆಗೆದಳು. ಮಗಳು ಬಗ್ಗಿ ನೋಡಿದಳು. ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಾಗಿ ಮಾವನೂ ಒಳಗೆ ಬಂದರು. ಶಾಲು ಜಾರಿತು. ಅವರು ಅದನ್ನು ಮತ್ತೆ ಎಳೆದುಕೊಳ್ಳಲಿಲ್ಲ. ಎಡಗೈಗೆ ಮೊಣಕೈವರೆಗೂ ಬಟ್ಟೆ ಸುತ್ತಿತ್ತು. ಬಟ್ಟೆಯ ಮೇಲೆ ರಕ್ತ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು.

ನಾಣ್ಯದಂಚಿಗೆ ಬೆಳ್ಳಿ ಬಣ್ಣ ಸುಲಿದು ಬಂತು. ಮೊದಲು ಒಂದು ಗೆರೆ ಕಂಡಿತು. ಮೊಳೆ ಉಸಿರು ಬಿಗಿಹಿಡಿದ. ಅವಳು ಇನ್ನೂ ಕೆರೆದಳು. ಅದರ ಪಕ್ಕದಲ್ಲಿ ಇನ್ನೊಂದು ಗೆರೆ, ನಡುವೆ ಪುಟ್ಟ ಅಡ್ಡಗೆರೆಗಳು ಮೂಡಿದವು.

“ಯಾರಮ್ಮಾ ಅದು?” ಎಂದಳು ಮಗಳು.

“ನಮ್ಮ ಏಣಿ ಯಜಮಾನರು.”